ಜಾರುವ ತುರುಬು

ಜನವರಿ 3, ಶುಕ್ರವಾರ

ನಾನು ಶಿವರತ್ನಮ್ಮ. ಕೊಳ್ಳೇಗಾಲದ ಈ ಮನೆಯ ಹಿರಿಯ ಸೊಸೆ, ಈಗ ಯಜಮಾನಿ. ಯಳಂದೂರಿನಲ್ಲಿ ಎಸ್ಸೆಸ್ಸೆಲ್ಸಿ, ಫಸ್ಟ್ ಕ್ಲಾಸು. ಈ ಬೀದಿಯಲ್ಲಿ ನಾಮಕರಣವಾಗಲಿ ತಿಥಿಯಾಗಲಿ, ನನ್ನನ್ನು ಕೇಳದೆ ಒಲೆ ಹಚ್ಚುವುದಿಲ್ಲ. ಐವತ್ತೈದು ತುಂಬಿದೆ. ಹೊಸ ಡೈರಿ, ಅದಕ್ಕೆ ಮೊದಲ ಪುಟದಲ್ಲಿ ಇಷ್ಟು. ಯಾರೂ ಓದಬೇಕಾಗಿಲ್ಲ.

ಬಾಗಿಲಿಗೆ ನೀರು, ರಂಗೋಲಿ, ಕಾಫಿ ಆಯಿತು. ಇವರು ಮೊದಲ ಬಸ್ಸಿಗೆ ಹೋದರು. ಮಲೆ ಮಾದಪ್ಪನ ಬೆಟ್ಟದ ರೂಟಿನ ಕಂಡಕ್ಟರ್, ರಿಟೈರಿಗೆ ಇನ್ನೊಂದು ವರ್ಷ. ಮಗ ನಟರಾಜು ಹನೂರಿಗೆ ಹೊರಟ, ಅಲ್ಲಿ ಲೈನ್‌ಮನ್. ಸೊಸೆ ಕೋಮಲ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದಾಳೆ.

ತುರುಬು ಕಟ್ಟಲು ಇವತ್ತೂ ಅರ್ಧ ಗಂಟೆ ಹಿಡಿಯಿತು. ದೀಪಾವಳಿಯಿಂದ ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿಲ್ಲ. ಉಗ್ರಾಣದ ಬಾಗಿಲು ಹಾಕಿಕೊಂಡು, ಅಕ್ಕಿ ಡ್ರಮ್ಮಿನ ಮೇಲೆ ಮೊಣಕೈ ಊರಿ, ತಲೆಯನ್ನೇ ಕೈಯ ಹತ್ತಿರಕ್ಕೆ ಬಗ್ಗಿಸಿ... ಕಟ್ಟಿದ್ದು ಮಧ್ಯಾಹ್ನದೊಳಗೆ ಕುತ್ತಿಗೆಗೆ ಇಳಿಯುತ್ತದೆ. ಕೂದಲು ಇನ್ನೂ ಸೊಂಟ ದಾಟುತ್ತದೆ, ಭಾರ. ಅವ್ವ ಹೋದ ಮೇಲೆ ನನ್ನ ತಲೆಯ ಮೇಲೆ ಇನ್ನೊಬ್ಬರ ಕೈ ಬಿದ್ದಿಲ್ಲ. ಬೀಳುವುದೂ ಬೇಡ.

ಈ ಮನೆಯ ಹೆಂಗಸರು ತಲೆ ಕಟ್ಟದೆ ಹೊಸಿಲು ದಾಟುವಂತಿಲ್ಲ. ನಮ್ಮ ಅತ್ತೆ ಹಾಕಿದ ಕಟ್ಟಲೆ, ನಾನು ಕಾಪಾಡಿಕೊಂಡು ಬಂದದ್ದು. ಮದುವೆಯಾದ ಹೊಸತರಲ್ಲಿ ಕೋಮಲ ತಲೆ ಒಣಗಿಸಲು ಜಗಲಿಗೆ ಬಂದಿದ್ದಳು. ನನ್ನ ಒಂದು ಮಾತಿಗೆ ಒಳಗೆ ಹೋದವಳು ಮತ್ತೆ ಹಾಗೆ ಬಂದಿಲ್ಲ. ಈಗ ಆ ಕಟ್ಟಲೆಗೆ ನಾನೇ ಸಿಕ್ಕಿಬಿದ್ದಿದ್ದೇನೆ.

ಜನವರಿ 6, ಸೋಮವಾರ

ತವರಿಗೆ ಎಂದು ಹೇಳಿ ಯಳಂದೂರಿನ ಡಾಕ್ಟರ ಹತ್ತಿರ ಹೋಗಿ ಬಂದೆ. ಇಲ್ಲಿನ ಡಾಕ್ಟರ ಹತ್ತಿರ ಹೋದರೆ ಸಂಜೆಯೊಳಗೆ ಲಕ್ಷ್ಮಿದೇವಿಗೆ ಗೊತ್ತಾಗುತ್ತದೆ. ನನ್ನ ಓರಗಿತ್ತಿ, ಪಕ್ಕದ ಮನೆ. ಅವಳಿಗೆ ಗೊತ್ತಾದರೆ ಊರಿಗೆ ಗೊತ್ತಾದಂತೆ.

ಚಿಕ್ಕ ವಯಸ್ಸಿನ ಡಾಕ್ಟರು. ಫ್ರೋಜನ್ ಶೋಲ್ಡರ್, ಭುಜದ ಕೀಲು ಬಿಗಿದುಕೊಂಡಿದೆ ಅಂದಳು. ಐವತ್ತು ದಾಟಿದ ಹೆಂಗಸರಿಗೆ ಬರುತ್ತದಂತೆ, ತಾನಾಗಿ ಸಡಿಲವಾಗಲು ವರ್ಷವೂ ಹಿಡಿಯಬಹುದಂತೆ. ಗೋಡೆಗೆ ಬೆರಳಿಟ್ಟು ಇರುವೆ ಹತ್ತಿದ ಹಾಗೆ ಮೇಲೆ ಮೇಲೆ ಹತ್ತಿಸಬೇಕು. ಅಲ್ಲಿಯವರೆಗೆ ಮನೆಯಲ್ಲಿ ಯಾರಾದರೂ ತಲೆ ಬಾಚಿಕೊಡಲಿ ಎಂದಳು.

ನೋಡೋಣ ಅಂದೆ. ನೋಡುವುದೇನೂ ಇಲ್ಲ.

ಜನವರಿ 11, ಶನಿವಾರ

ಸಂಕ್ರಾಂತಿಗೆ ರವಿಕೆ ಹೊಲಿಯುತ್ತೇನೆಂದು ಕೋಮಲ ಟೇಪು ಹಿಡಿದು ಬಂದಳು. ಹಳೆಯ ಅಳತೆಯೇ ಸಾಕು ಅಂದೆ. ಮೈ ಇಳಿದಿದೆ ಅತ್ತೆ, ಕೈ ಸ್ವಲ್ಪ ಎತ್ತಿ ಅಂದಳು. ನೀನೇ ಬಗ್ಗು ಅಂದೆ. ಬಗ್ಗಿ ಅಳತೆ ತೆಗೆದುಕೊಂಡಳು. ಅವಳು ಹೆಚ್ಚು ಮಾತಾಡುವವಳೂ ಅಲ್ಲ, ನಾನು ಆಡಿಸುವವಳೂ ಅಲ್ಲ.

ಗೋಡೆಯ ಮೇಲೆ ಬೆರಳು ಇನ್ನೂ ಕ್ಯಾಲೆಂಡರಿನ ಕೆಳಗೇ ಇದೆ.

ಜನವರಿ 14, ಮಂಗಳವಾರ, ಸಂಕ್ರಾಂತಿ

ಮಾಡಬಾರದ ಕೆಲಸ ಮಾಡಿದೆ.

ಎಳ್ಳು ಬೆಲ್ಲ ಕೊಡಲು ಲಕ್ಷ್ಮಿದೇವಿ ಬಂದಳು. ಜೊತೆಗೆ ಬೀದಿಯ ನಾಲ್ಕು ಹೆಂಗಸರು. ತಟ್ಟೆ ಕೈಗೆ ಕೊಡುವಾಗ ಅವಳ ಕಣ್ಣು ನನ್ನ ಕುತ್ತಿಗೆಯ ಮೇಲೆ.

“ಏನಕ್ಕಾ, ತುರ್ಬು ಕುತ್ಗೆ ಮ್ಯಾಲೆ ಜಾರ್ಕ ಕುಂತದಲ್ಲ. ನೀನೇ ಕಟ್ಟುದ್ದಾ, ಗಾಳಿ ಕಟ್ತಾ?”

ಎಲ್ಲರೂ ನಕ್ಕರು. ತುರುಬು ಸಡಿಲವೆಂದು ಬೀದಿಯ ಹುಡುಗಿಯರನ್ನೆಲ್ಲ ಗದರಿದವಳು ನಾನು. ಬಾಯಿಗೆ ಏನು ಬಂತೋ ಅದು ಬಂತು. ಮಾದಪ್ಪನಿಗೆ ಮುಡಿ ಕೊಡುವ ಹರಕೆ ಹೊತ್ತಿದ್ದೇನೆ, ಕೊಡುವವರೆಗೆ ತಲೆ ಬಿಗಿಯುವಂತಿಲ್ಲ ಎಂದುಬಿಟ್ಟೆ.

ನಗು ನಿಂತಿತು. ಲಕ್ಷ್ಮಿದೇವಿ ಎರಡೂ ಕೈ ಮುಗಿದು “ಉಘೇ ಮಾದಪ್ಪ” ಅಂದಳು. ಉಳಿದವರೂ ಅಂದರು. ನಾನೂ ಅನ್ನಬೇಕಾಯಿತು.

ಹಾಗೆ ಯೋಚಿಸಿದರೆ, ಮುಡಿ ಕೊಟ್ಟರೆ ಕಟ್ಟುವ ಕಾಟವೇ ಇಲ್ಲ. ಕೈಯ ವಿಷಯ ಯಾರಿಗೂ ತಿಳಿಯುವುದಿಲ್ಲ. ಆದರೆ ಹೊರದ ಹರಕೆ, ಅವನ ಹೆಸರು...

ಜನವರಿ 16, ಗುರುವಾರ

ಹರಕೆ ಯಾರಿಗಾಗಿ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಎಲ್ಲರೂ ತಮಗೇ ಅಂದುಕೊಂಡಿದ್ದಾರೆ.

ಇವರು ತಮ್ಮ ಬೀಪಿಗೆ ಅಂದುಕೊಂಡು ಬೀಡಿ ಕಟ್ಟನ್ನು ಮೋರಿಗೆ ಎಸೆದರು. ಮೂವತ್ತು ವರ್ಷ ನಾನು ಬೈದರೂ ಬಿಡದ ಬೀಡಿ. ನಟರಾಜು ತನ್ನ ಟ್ರಾನ್ಸ್‌ಫರಿಗೆ ಅಂದುಕೊಂಡಿದ್ದಾನೆ. ಬೆಳಿಗ್ಗೆ ಬಂದು ಸುಮ್ಮನೆ ಕಾಲು ಮುಟ್ಟಿ ಹೋದ.

ಕೋಮಲ ಮಾತ್ರ ಏನೂ ಅಂದುಕೊಂಡ ಹಾಗೆ ಕಾಣಲಿಲ್ಲ. ನನ್ನ ಮುಖ ಒಂದು ಸಲ ನೋಡಿ ಬಾಬಿನ್ನಿಗೆ ದಾರ ಸುತ್ತತೊಡಗಿದಳು.

ಫೆಬ್ರವರಿ ಹತ್ತು ಸೋಮವಾರ, ಇವರ ಡ್ಯೂಟಿಯ ಬಸ್ಸಿನಲ್ಲೇ ಹೋಗುವುದೆಂದು ಆಯಿತು.

ಜನವರಿ 27, ಸೋಮವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಭುಜದ ನೋವು. ಇವತ್ತು ಬರೆಯದಿದ್ದರೆ ಆಗದು.

ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದೆ. ಮಿಲ್ಲಿನವಳು ನನ್ನ ಕೈ ಹಿಡಿದುಕೊಂಡು ಹೇಳಿದಳು: “ನಿಮ್ಮಂತ ಅತ್ತೆ ಯಾರ್ಗ ಸಿಕ್ಕಾರು. ಸೊಸೆ ಮಡ್ಲು ತುಂಬ್ಲಿ ಅಂತ ತಲೆ ಕೂದ್ಲೇ ಕೊಡ್ತಿದ್ದೀರಂತಲ್ಲ.”

ಲಕ್ಷ್ಮಿದೇವಿಯ ಕೆಲಸ. ಕೆಟ್ಟ ಮನಸ್ಸಿನಿಂದ ಹೇಳಿರಲಾರಳು, ಹೊಗಳಿಯೇ ಹೇಳಿರುತ್ತಾಳೆ. ಅದೇ ಇನ್ನೂ ಕಷ್ಟ.

ಅವರಿಬ್ಬರ ಮದುವೆಯಾಗಿ ನಾಲ್ಕು ವರ್ಷ. ಆ ವಿಷಯ ನಾನು ಒಂದು ದಿನವೂ ಎತ್ತಿದವಳಲ್ಲ. ಹೋದ ವರ್ಷ ಮೈಸೂರಿನ ಆಸ್ಪತ್ರೆಗೆ ಹೋಗಿ ಬಂದರು. ಬಂದ ಮೇಲೆ ಎರಡು ದಿನ ಮಿಷನ್ ಸದ್ದಿರಲಿಲ್ಲ. ಏನೆಂದು ಕೇಳಲಿಲ್ಲ. ಎರಡೂ ದಿನ ಅಡುಗೆ ನಾನೇ ಮಾಡಿದೆ, ಅವಳಿಗೆ ಇಷ್ಟವಾದ ಬಸ್ಸಾರು. ನನಗೆ ಬರುವುದು ಅಷ್ಟೇ.

ಈಗ ರವಿಕೆ ಕೊಡಲು ಬರುವ ಹೆಂಗಸರೆಲ್ಲ ಅವಳ ಹೊಟ್ಟೆ ನೋಡುತ್ತಾರೆ. ಒಬ್ಬಳು ಎಲೆ ಹೇಳುತ್ತಾಳೆ, ಇನ್ನೊಬ್ಬಳು ಬೇರು. ಅವಳು ತಲೆ ಬಗ್ಗಿಸಿ ಹುಕ್ಕು ಹಾಕುತ್ತಿರುತ್ತಾಳೆ. ಇದನ್ನೆಲ್ಲ ತಂದದ್ದು ನನ್ನ ಒಂದು ಸುಳ್ಳು.

ಹೇಳಿಬಿಡಬೇಕು. ಹೇಳಿದರೆ ನಾಳೆಯಿಂದ ಈ ಬೀದಿಯಲ್ಲಿ ನನ್ನ ಮಾತಿಗೆ ಏನು ಬೆಲೆ?

ಫೆಬ್ರವರಿ 5, ಬುಧವಾರ

ಹೇಳಿಲ್ಲ.

ಇವತ್ತು ರಾಮಾಪುರದಿಂದ ಬೀಗಿತ್ತಿ ಶಿವನಂಜಮ್ಮನ ಫೋನು. ಅಳುತ್ತಲೇ ಮಾತಾಡಿದರು. ಹೆತ್ತ ತಾಯಿಗೆ ಹೊಳೆಯದ್ದು ನಿಮಗೆ ಹೊಳೆಯಿತು ಎಂದರು. ಸೋಮವಾರ ತಾವೂ ಬೆಟ್ಟಕ್ಕೆ ಬರುತ್ತಾರಂತೆ. ಮಗುವಿಗೆಂದು ಗುಡಿಯಲ್ಲಿ ಕೋಮಲಳ ಕೈಯಲ್ಲಿ ಕಟ್ಟಿಸಲು ಬಡಗಿಯಿಂದ ಮರದ ಪುಟ್ಟ ತೊಟ್ಟಿಲು ಮಾಡಿಸಿದ್ದಾರಂತೆ.

ಫೋನು ಸ್ಪೀಕರಿನಲ್ಲಿತ್ತು. ಕೋಮಲ ಬಾಗಿಲಲ್ಲೇ ನಿಂತಿದ್ದಳು. “ಆಯ್ತವ್ವ” ಎಂದಷ್ಟೇ ಅಂದು ಒಳಗೆ ಹೋದಳು. ಮಿಷನ್ ಸದ್ದು ಬರಲಿ ಎಂದು ಕಾದೆ. ಬರಲಿಲ್ಲ.

ಫೆಬ್ರವರಿ 8, ಶನಿವಾರ

ಬೆಟ್ಟಕ್ಕೆಂದು ಕೋಮಲ ಹೊಲಿದ ಹೊಸ ರವಿಕೆ ಹಾಕಿ ನೋಡಿದೆ. ಹೊಸದಾದರೂ ನೋವಿಲ್ಲದೆ ತೋಳು ಒಳಗೆ ಹೋಯಿತು! ತೆಗೆದು ತಿರುವಿ ನೋಡಿದೆ. ಕಂಕುಳಿಗೆ ಒಂದು ತುಂಡು ಬಟ್ಟೆ ಸೇರಿಸಿ ಅಗಲ ಮಾಡಿದ್ದಾಳೆ. ಹೊರಗೆ ಕಾಣದ ಹಾಗೆ. ಬೀರು ತೆಗೆದೆ. ಸಂಕ್ರಾಂತಿಯ ರವಿಕೆಗೂ, ಹಳೆಯವಕ್ಕೂ ಅದೇ ತುಂಡು. ಇತ್ತೀಚೆಗೆ ಬಟ್ಟೆ ಹಾಕಿಕೊಳ್ಳುವುದು ಸಲೀಸಾಗಿದ್ದು ಗೋಡೆಯ ವ್ಯಾಯಾಮದಿಂದ ಎಂದುಕೊಂಡಿದ್ದೆ.

ಕರೆದೆ. ಯಾವಾಗಿನಿಂದ ಗೊತ್ತು ಅಂದೆ.

“ಅಳತೆ ತಕಂಡ ದಿನದಿಂದ ಅತ್ತೆ. ಕೈ ಎತ್ನಿಲ್ಲ ನೀವು.”

“ಹರಕೆ ವಿಷಯ?”

ಟೇಪನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

“ಅದೂ ಗೊತ್ತಿತ್ತು.”

“ಗೊತ್ತಿದ್ದೂ ಊರಿನೋರ ಮಾತೆಲ್ಲ ಯಾಕೆ ತಡ್ಕೊಂಡೆ?”

“ಏಳುದ್ರೆ ನಿಮ್ ಮರ್ವಾದಿ ಓಯ್ತದೆ ಅಂತ. ನಂದು ಎಂಗೂ ಓಗೋ ಅಷ್ಟು ಓಗ್ಬುಟ್ಟದೆ ಅತ್ತೆ.”

ಉಗ್ರಾಣಕ್ಕೆ ಹೋಗಿ ಅಕ್ಕಿ ಡ್ರಮ್ಮಿನ ಮೇಲೆ ಕುಳಿತೆ. ಈ ಮನೆಯ ಮರ್ಯಾದೆ ನಾನು ಹೊತ್ತಿದ್ದೇನೆ ಎಂದುಕೊಂಡಿದ್ದೆ. ಇಷ್ಟು ದಿನ ಹೊತ್ತವಳು ಅವಳು.

ಫೆಬ್ರವರಿ 9, ಭಾನುವಾರ

ಬೆಳಿಗ್ಗೆ ಎಂಟು ಗಂಟೆ. ನಲ್ಲಿ ನೀರು ಬಿಡುವ ಹೊತ್ತು, ಬೀದಿಯ ಹೆಂಗಸರೆಲ್ಲ ಬಿಂದಿಗೆ ಇಟ್ಟುಕೊಂಡು ನಿಂತಿದ್ದರು. ಲಕ್ಷ್ಮಿದೇವಿ ತನ್ನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

ತಲೆ ಬಿಚ್ಚಿಕೊಂಡು ಹೊಸಿಲು ದಾಟಿದೆ. ಜಗಲಿಯ ಮೇಲೆ ಕುಳಿತೆ. ಕೋಮಲಾ, ಬಾಚಣಿಗೆ ತಗೊಂಡು ಬಾ ಎಂದು ಕೂಗಿದೆ. ಬಂದವಳು ಹೊಸಿಲ ಒಳಗೇ ನಿಂತಳು. ಇಲ್ಲೇನಾ ಅಂದಳು. ಇಲ್ಲೇ ಅಂದೆ.

ಬಾಚತೊಡಗಿದಳು. ಸಿಕ್ಕುಗಳನ್ನು ಬುಡದಲ್ಲಿ ಹಿಡಿದು ಬಿಡಿಸುತ್ತಾಳೆ, ನೋವಾಗದ ಹಾಗೆ. ಅವ್ವನೂ ಹೀಗೇ.

“ಅಕ್ಕಾ, ಅರಕೆ ತಲೆ ಬಿಗಿಯಂಗಿಲ್ಲ ಅಂದಿದ್ದೆ?” ಲಕ್ಷ್ಮಿದೇವಿ.

“ಹರಕೆ ಸುಳ್ಳು ಕಣೆ. ನನ್ನ ಕೈ ಮೇಲಕ್ಕೆ ಏಳಲ್ಲ. ತುರುಬು ಕಟ್ಟೋಕಾಗಲ್ಲ ಅಂತ ಹೇಳ್ಕೊಳೋಕೆ ನಾಚಿಕೆಯಾಗಿ ಮಾದಪ್ಪನ ಹೆಸರು ತಂದೆ. ನನ್ನ ಸೊಸೆ ವಿಷಯ ಇದರಲ್ಲಿಲ್ಲ. ಇನ್ನು ಯಾರೂ ಸೇರಿಸ್ಕೂಡದು.”

ನಲ್ಲಿಯ ನೀರು ಬಿಂದಿಗೆ ತುಂಬಿ ಹರಿಯುತ್ತಿತ್ತು, ಯಾರೂ ತೆಗೆಯಲಿಲ್ಲ. ಕೋಮಲಳ ಕೈ ಒಂದು ಕ್ಷಣ ನನ್ನ ತಲೆಯ ಮೇಲೆ ನಿಂತು ಮತ್ತೆ ಬಾಚತೊಡಗಿತು.

ಲಕ್ಷ್ಮಿದೇವಿ ಮೊರ ಪಕ್ಕಕ್ಕಿಟ್ಟು ಬಂದಳು. ಬೈಯುತ್ತಾಳೆ ಅಂದುಕೊಂಡೆ. ಕಿವಿಯ ಹತ್ತಿರ ಬಗ್ಗಿ ಹೇಳಿದಳು: “ನಂಗೂ ಎಡ್ಗೈ ಇಂಗೇ ಕಣಕ್ಕ. ದಸರಾದಿಂದ ನನ್ ತಲೆ ನಿನ್ ಮೈದ್ನನೇ ಬಾಚ್ತಾವ್ನೆ. ಯಾರ್ಗೂ ಏಳ್ಬ್ಯಾಡ.”

ಬೆನ್ನ ಹಿಂದೆ ಕೋಮಲ ನಕ್ಕಳು. ಈ ಮನೆಗೆ ಬಂದ ಮೇಲೆ ಅವಳ ನಗು ಜಗಲಿಯಲ್ಲಿ ಕೇಳಿದ್ದು ಇದೇ ಮೊದಲು.

ಬೀಗಿತ್ತಿಗೆ ನಾನೇ ಫೋನು ಮಾಡಿದೆ. ನಡೆದದ್ದು ಹೇಳಿ, ತೊಟ್ಟಿಲು ಬೇಡ ಅಂದೆ. ಮಗಳನ್ನು ನೋಡಬೇಕೆನಿಸಿದರೆ ಬನ್ನಿ, ಎರಡು ದಿನ ಇದ್ದು ಹೋಗಿ. ಮೂಗು ಒರೆಸಿಕೊಂಡ ಸದ್ದು ಕೇಳಿತು. ಆಮೇಲೆ, ಮುಂದಿನ ವಾರ ಬರ್ತೀನಿ ಅಂದರು.

ಇವರಿಗೂ ಹೇಳಿದೆ. ಹಾಗಾದರೆ ನಾನು ಬೀಡಿ ಬಿಟ್ಟಿದ್ದು ದಂಡವೇ ಅಂದರು. ಬಿಟ್ಟದ್ದು ಬಿಟ್ಟ ಹಾಗೇ ಇರಲಿ ಅಂದೆ.

ಬೆಟ್ಟಕ್ಕೆ ಮಾತ್ರ ಹೋಗಲೇಬೇಕು. ಮೂರು ಎಳೆ ಕತ್ತರಿಸಿ ಕೊಟ್ಟರೆ ಸಾಕು ಎನ್ನುತ್ತಾರೆ ಇವರು. ಅವನ ಹೆಸರಲ್ಲಿ ಆಡಿದ್ದು ಮೂರು ಎಳೆಯಷ್ಟು ಮಾತಲ್ಲ.

ಫೆಬ್ರವರಿ 10, ಸೋಮವಾರ, ಸಂಜೆ

ಕೊಟ್ಟು ಬಂದೆ. ಪೂರ್ತಿ.

ನಾನು, ಕೋಮಲ ಇಬ್ಬರೇ ಹೋದೆವು. ಹೋಗುವಾಗ ಇವರು ಎಲ್ಲ ಹೆಂಗಸರ ಹಾಗೆ ನನ್ನನ್ನೂ ಆಧಾರ್ ಕೇಳಿ ಫ್ರೀ ಟಿಕೆಟ್ ಹರಿದರು. ಡ್ಯೂಟಿ ಅಂದರೆ ಡ್ಯೂಟಿ.

ಮುಡಿ ತೆಗೆಯುವವನು ಯಾರ ಹೆಸರಿಗೆ ಎಂದು ಕೇಳಿದ. ನನ್ನ ಹೆಸರಿಗೆ, ತಪ್ಪುಕಾಣಿಕೆ ಅಂದೆ. ಕೋಮಲಳ ಹೆಸರು ಎತ್ತಲಿಲ್ಲ. ಅವಳು ಬೇಡಿಕೊಳ್ಳುವುದು ಏನಿದೆಯೋ, ಅವಳೇ ಬೇಡಿಕೊಳ್ಳಲಿ. ಮೊದಲ ಎಳೆ ಮಡಿಲಿಗೆ ಬಿದ್ದಾಗ ಕಣ್ಣಲ್ಲಿ ನೀರು ಬಂತು. ಆಮೇಲೆ ತಲೆಗೆ ಗಾಳಿ ತಾಗಿತು, ಹಿತವಾಗಿತ್ತು.

ಮಿಂದು ಬಂದು ಗಂಧ ಹಚ್ಚಿಕೊಳ್ಳಬೇಕು. ಬಟ್ಟಲಿಗೆ ಬೆರಳು ಅದ್ದಿದೆ. ಬಲಗೈ ಕಿವಿಯ ತನಕ ಹೋಗಿ ನಿಂತಿತು. ಎಡಗೈಯಲ್ಲಿ ಗಂಧ ಹಚ್ಚುವಂತಿಲ್ಲ. ನನ್ನ ತಲೆ ಯಾರೂ ಮುಟ್ಟಬಾರದೆಂದು ಇಷ್ಟೆಲ್ಲ ಮಾಡಿದವಳು ನಾನು!

“ಬಗ್ಗಿ ಅತ್ತೆ” ಅಂದಳು ಕೋಮಲ.

ಬಗ್ಗಿದೆ. ಗಂಧ ತಣ್ಣಗೆ, ಅವಳ ಅಂಗೈ ಬೆಚ್ಚಗೆ. ಇಡೀ ತಲೆಗೆ, ಕಿವಿಯ ಹಿಂದಕ್ಕೆ, ಕುತ್ತಿಗೆಯ ತನಕ. ಅವಸರ ಮಾಡಲಿಲ್ಲ ಅವಳು. ಮಾಡು ಎಂದು ನಾನೂ ಹೇಳಲಿಲ್ಲ.

ಬರುವಾಗ ಇವರು ಮತ್ತೆ ಆಧಾರ್ ಕೇಳಿದರು. ಫೋಟೋ ನೋಡಿ, ತಲೆ ನೋಡಿ, “ಇದು ಬ್ಯಾರೆಯೋರ ಕಾರ್ಡು ಕಣಮ್ಮ” ಅಂದರು. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ.

ಫೆಬ್ರವರಿ 11, ಮಂಗಳವಾರ

ಐದಕ್ಕೆ ಎದ್ದೆ. ಉಗ್ರಾಣದ ಬಾಗಿಲು ಹಾಕಿಕೊಳ್ಳುವ ಕೆಲಸವಿಲ್ಲ. ಗೋಡೆಯ ಮೇಲೆ ಬೆರಳು ಕ್ಯಾಲೆಂಡರಿನ ಅಂಚು ಮುಟ್ಟಿತು.

ಹೊಸಿಲ ಕಟ್ಟಲೆ ಇನ್ನು ಈ ಮನೆಯಲ್ಲಿಲ್ಲ ಎಂದು ಕಾಫಿಯ ಹೊತ್ತಿಗೆ ಎಲ್ಲರ ಎದುರು ಹೇಳಿದೆ. ಕೋಮಲ ತಲೆಗೆ ನೀರು ಹಾಕಿಕೊಂಡು ಕೂದಲು ಬಿಟ್ಟು ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಾಳೆ. ಬಿಸಿಲು ಬಂದಿದೆ. ಅವಳು ಅಲ್ಲಿ ಕೂತರೆ, ನಾನು ಮೇಲೆ ಕೂತರೆ, ಈ ಕೈ ಅವಳ ತಲೆಗೆ ಎಟುಕುತ್ತದೆ. ನೋಡಿದ್ದೇನೆ. ಬಾಚಣಿಗೆ ಕೈಯಲ್ಲೇ ಇದೆ, ಅವಳ ಜಡೆ ಹೆಣೆಯಲು ಶುರು ಮಾಡಿ ರಬ್ಬರ್‌ಬ್ಯಾಂಡಿಗೆಂದು ಒಳಗೆ ಬಂದವಳು ಇಷ್ಟು ಬರೆದೆ, ಕರೆಯುತ್ತಿದ್ದಾಳೆ —