ಎಡಗಾಲಿಗೂ ಡ್ಯೂಟಿ

ಜುಲೈ ೧೪, ಸೋಮವಾರ. ಡೊಂಬಿವ್ಲಿ

ನಾಳೆ ಹತ್ತು ಗಂಟೆಗೆ ಮೆಕ್ಯಾನಿಕ್ ಜಟ್ಟೆಪ್ಪ ನನ್ನ ಕಾರಿನ ಗೇರ್‌ಬಾಕ್ಸ್ ಬಿಚ್ಚುತ್ತಾನೆ. ಆಟೋಮ್ಯಾಟಿಕ್ ಕೆಟ್ಟಿದೆ, ರಿಪೇರಿ ದುಬಾರಿ. ಗುಜರಿಗೆ ಬಂದ ಇದೇ ಮಾಡೆಲ್ಲಿನ ಗಾಡಿಯಿಂದ ಮ್ಯಾನ್ಯುಅಲ್ ಗೇರ್‌ಬಾಕ್ಸ್ ತೆಗೆದಿಟ್ಟಿದ್ದಾನೆ. ಅದರ ಜೊತೆ ಎಡಗಾಲಿನಿಂದ ಒತ್ತುವ ಕ್ಲಚ್ಚೂ ಬರುತ್ತದೆ.

ಸಂಜೆ ಕಲ್ಯಾಣದ ಗ್ಯಾರೇಜಿನಲ್ಲಿ ಅವನು, “ಅಕ್ಕಾರ, ಇಷ್ಟ್ ದಿನ ನಿಮ್ಮ ಎಡಗಾಲು ಪುಗಸಟ್ಟೆ ಕುಂತಿತ್ತು. ಇನ್ಮ್ಯಾಲೆ ಅದಕ್ಕೂ ಡ್ಯೂಟಿ ನೋಡ್ರಿ,” ಅಂದ. ಜೊತೆಗಿದ್ದ ನನ್ನ ಗಂಡ ಗುರುರಾಜ ಜೋರಾಗಿ ನಕ್ಕರು. “ಎರಡ್ ದಿನದಾಗ ನಾನ ಕಲಸ್ತೀನಿ ಬಿಡು, ಏನ್ ಮಹಾ!” ನಾನೂ ನಕ್ಕೆ, ಆಯ್ತು ಅಂತಲೂ ಅಂದೆ. ಯಾಕೆ ಅಂದೆ?

ದಿವಾ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಬಿದ್ದಾಗಿನಿಂದ ಎಡ ಪಾದ ಆಗಾಗ ಜೋಮು ಹಿಡಿಯುತ್ತದೆ. ಗಂಡನಿಗೆ ಹೇಳಿಲ್ಲ. ಹೇಳಿದರೆ ಕಾರಿನ ಕೀಲಿಯನ್ನೇ ತೆಗೆದಿಡುತ್ತಾರೆ, ಅದೂ ಪ್ರೀತಿಯಿಂದ. ಹೇಳದಿದ್ದರೆ ಮುಂಬ್ರಾ ಬೈಪಾಸಿನ ಏರಿನಲ್ಲಿ, ಹಿಂದೆ ಲಾರಿ ನಿಂತಿರುವಾಗ, ಕ್ಲಚ್ ಒತ್ತಿದೆನೋ ಇಲ್ಲವೋ ನನಗೇ ತಿಳಿಯದು. ನಲವತ್ತೆರಡಕ್ಕೆ ಡ್ರೈವಿಂಗ್ ಕಲಿತವಳು ನಾನು. ಘಣಸೋಲಿಯ ಆಫೀಸಿಗೆ ಒಬ್ಬಳೇ ಹೋಗುವ ಆ ಒಂದು ಗಂಟೆ ನನ್ನದು.

ಊಟದ ಮೇಲೆ ಅತ್ತೆಯ ಹಳೆಯ ಹೊಲಿಗೆ ಯಂತ್ರದ ಮುಂದೆ ಕೂತು, ಕಣ್ಣು ಮುಚ್ಚಿ, ಎಡಗಾಲೊಂದರಿಂದಲೇ ಪೆಡಲ್ ತುಳಿಯುತ್ತ ನೂರು ಎಣಿಸಲು ಹೊರಟೆ. ಅರವತ್ತರಲ್ಲಿ ಕಣ್ಣು ಬಿಟ್ಟರೆ ಚಕ್ರ ಯಾವಾಗಲೋ ನಿಂತುಹೋಗಿತ್ತು. ನಾನು ಮಾತ್ರ ಎಣಿಸುತ್ತಲೇ ಇದ್ದೆ.

ಇವರ ಟಿವಿ ಸದ್ದು ಇನ್ನೂ ಕೇಳುತ್ತಿದೆ. ಎದ್ದು ಹೋಗಿ ಹೇಳಿಬಿಡುತ್ತೇನೆ. ಕೀಲಿ ಕೇಳಿದರೆ ಕೊಡುವುದಿಲ್ಲ, ಎಷ್ಟೇ ದುಬಾರಿಯಾದರೂ ಆಟೋಮ್ಯಾಟಿಕ್ಕನ್ನೇ ರಿಪೇರಿ ಮಾಡಿಸೋಣ ಅನ್ನುತ್ತೇನೆ.