ಮುಖಪುಟದ ಕೆಳಗಿನ ಆ ಜಾಗ

ಪತ್ರಿಕೆಯ ಜಾಹೀರಾತು ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದವರ ಹಾಗೆ ಬೀಗುವುದು ಬೇಡ. ವಿಸ್ಕಾನ್ಸಿನ್‌ನ ಈ ನಮ್ಮ ಊರಿನ ಮುಖ್ಯ ಬೀದಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೌದಿ ಹೊಲಿಯುವ ಬಟ್ಟೆಯ ಅಂಗಡಿ ಇಟ್ಟುಕೊಂಡಿದ್ದೇನೆ. ಅಷ್ಟೇ ವರ್ಷಗಳಿಂದ ಪಕ್ಕದ ಲಾಯ್ಡ್‌ನ ಬಂದೂಕಿನ ಅಂಗಡಿಯ ಜಾಹೀರಾತು ಪ್ರತಿ ಗುರುವಾರ ನಿಮ್ಮ ವಾರಪತ್ರಿಕೆಯ ಮುಖಪುಟದ ಕೆಳಗೆ, ಬಣ್ಣಬಣ್ಣವಾಗಿ, ಕಾಲು ಚಾಚಿ ಮಲಗಿರುತ್ತದೆ. ನನ್ನದು ಎಂಟನೇ ಪುಟದಲ್ಲಿ, ಚರಂಡಿ ರಿಪೇರಿಯವನ ಪಕ್ಕ. ಕೇಳಿದಾಗಲೆಲ್ಲ ನಿಮ್ಮದು ಒಂದೇ ಉತ್ತರ: ಆ ಜಾಗ ಖಾಲಿ ಇಲ್ಲ.

ಲಾಯ್ಡ್ ಕೆಟ್ಟವನಲ್ಲ. ನನ್ನ ಮೆಟ್ಟಿಲ ಮೇಲಿನ ಹಿಮವನ್ನೂ ಅವನೇ ಎತ್ತಿ ಹಾಕುತ್ತಾನೆ. ಆದರೆ ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವ ವಾರ ಅವನ ಬಾಗಿಲಲ್ಲಿ ಗಂಡಸರ ಸಾಲು ನೋಡಿದರೆ ನನ್ನ ಹೊಟ್ಟೆ ಧಗಧಗ ಉರಿಯುತ್ತದೆ. ಅವರ ಹೆಂಡತಿಯರು ನನ್ನಂಗಡಿಯೊಳಗೆ ಬರುತ್ತಾರೆ, ಚಳಿ ತಡೆಯಲಾರದೆ.

"ಏನ್ರೀ ಆರ್ಲೀನ್, ಮುಖ ಊದ್ಕೊಂಡಿದೆ? ನಿಮ್ಗೂ ಒಂದು ರೈಫಲ್ ಕೊಡ್ಲಾ?" ಅಂತ ಅವನು ಕಿಚಾಯಿಸುತ್ತಾನೆ.

"ಕೊಡಪ್ಪಾ, ಮೊದ್ಲು ನಿನ್ನ ಜಾಹೀರಾತಿಗೇ ಹೊಡೀತೀನಿ," ಅನ್ನುತ್ತೇನೆ.

ಹೋದ ವರ್ಷದಿಂದ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಜಗಳವೋ ಜಗಳ. ಪತ್ರಿಕೆಯಲ್ಲಿ ಬಂದೂಕಿನ ಜಾಹೀರಾತು ಬೇಡವೆನ್ನುವವರು ಕೆಲವರು, ಅದು ನಮ್ಮ ಹಕ್ಕು ಎನ್ನುವವರು ಕೆಲವರು. ಇಬ್ಬರ ನಡುವೆ ತಾವು ಗಂಭೀರವಾಗಿ ಅಪ್ಪಣೆ ಕೊಡಿಸಿದ್ದೀರಿ: ದೇಶದ ಯಾವುದೇ ಶಾಲೆಯಲ್ಲಿ ಗುಂಡು ಹಾರಿ ಮಕ್ಕಳು ಸತ್ತರೆ, ಆ ವಾರ ಬಂದೂಕಿನ ಜಾಹೀರಾತು ತಡೆಹಿಡಿಯುತ್ತೇವೆ, ಗೌರವಾರ್ಥವಾಗಿ. ಆಹಾ! ಎಂಥಾ ದೊಡ್ಡ ಮನಸ್ಸು! ಆ ಜಾಹೀರಾತಿನಲ್ಲಿ ತಪ್ಪಿಲ್ಲ ಎನ್ನುವುದಾದರೆ ಆ ವಾರ ಮಾತ್ರ ಮುಚ್ಚಿಡುವುದು ಯಾಕೆ? ತಪ್ಪಿದೆ ಎನ್ನುವುದಾದರೆ ಎಂಟನೇ ದಿನ ಮತ್ತೆ ಹೊರಗೆ ತರುವುದು ಯಾಕೆ? ಏಳು ದಿನದಲ್ಲಿ ಯಾವ ತಾಯಿಯ ದುಃಖ ಆರಿತು, ಸ್ವಾಮಿ?

ಆ ವಾರಗಳಲ್ಲಿ ಆ ಜಾಗಕ್ಕೆ ಯಾರನ್ನು ತಂದು ಕೂರಿಸುತ್ತೀರಿ ಎಂಬುದನ್ನು ಮಾತ್ರ ಬರೆಯಲಿಲ್ಲ. ನನ್ನನ್ನು. ಇಲ್ಲಿಯವರೆಗೆ ಮೂರು ಸಲ.

ಮೊದಲ ಸಲ ನಿಮ್ಮ ಕಚೇರಿಯ ಟ್ರೂಡಿ ಫೋನ್ ಮಾಡಿ, "ಈ ವಾರ ಮುಖಪುಟ ನಿಮ್ದೇ ಕಣ್ರೀ!" ಅಂದಾಗ ನಾನು ಕಿರುಚಿಬಿಟ್ಟೆ. ಯಾಕೆ ಖಾಲಿಯಾಯಿತು ಅಂತ ಕೇಳಲೂ ಇಲ್ಲ. ಅವಳೇ ದನಿ ಇಳಿಸಿ ಹೇಳಿದಳು: "ಟೀವಿ ನೋಡಿಲ್ವಾ? ಏಳು ಮಕ್ಕಳು ಹೋದ್ವಂತೆ." ಅಯ್ಯೋ ಅಂದೆ. ಆದರೆ ಬೇಡ ಅನ್ನಲಿಲ್ಲ. ಆ ವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಹೋದ ಮಂಗಳವಾರ ಬಟ್ಟೆ ಕತ್ತರಿಸುತ್ತಿದ್ದೆ. ಬೇರೆ ರಾಜ್ಯದ ಒಂದು ಶಾಲೆಗೆ ಬಂದೂಕು ಹಿಡಿದವನೊಬ್ಬ ನುಗ್ಗಿದ್ದಾನೆ ಅಂತ ರೇಡಿಯೋ ಹೇಳಿತು. ಅಯ್ಯೋ ಅನ್ನಲಿಲ್ಲ ನಾನು. ಕತ್ತರಿ ಕೆಳಗಿಟ್ಟು ಕಾಗದದ ಮೇಲೆ "ವಸಂತದ ಹೊಸ ಬಟ್ಟೆಗಳು ಬಂದಿವೆ" ಅಂತ ಬರೆದೆ. ಮಧ್ಯಾಹ್ನದವರೆಗೆ ಕಾದು, ತಡೆಯಲಾರದೆ ನಾನೇ ಫೋನ್ ಮಾಡಿದೆ.

"ಟ್ರೂಡಿ, ಜಾಗ ಖಾಲಿ ಆಯ್ತಾ?"

"ಇಲ್ಲ ಕಣ್ರೀ. ದೇವ್ರು ದೊಡ್ಡೋನು, ಈ ಸಲ ಯಾವ ಮಗೂಗೂ ಏನೂ ಆಗಿಲ್ಲ. ಲಾಯ್ಡ್‌ದೇ ಹಾಕ್ತೀವಿ."

ನನಗೆ ನಿರಾಸೆಯಾಯಿತು, ಮಾನ್ಯರೇ. ಮಕ್ಕಳು ಬದುಕಿಕೊಂಡದ್ದಕ್ಕೆ ನನಗೆ ನಿರಾಸೆಯಾಯಿತು.

ಆದ್ದರಿಂದ ಕೇಳುತ್ತಿದ್ದೇನೆ: ಆ ಜಾಹೀರಾತನ್ನು ಪೂರ್ತಿ ತೆಗೆಯಿರಿ. ಧೈರ್ಯವಿಲ್ಲದಿದ್ದರೆ ಪ್ರತಿ ವಾರವೂ ಹಾಕಿ, ಸತ್ತ ಮಕ್ಕಳ ಫೋಟೋ ಬರುವ ವಾರವೂ ಅದರ ಕೆಳಗೇ ಹಾಕಿ, ಊರು ನೋಡಲಿ. ನನ್ನ ಕೌದಿ ಹೊದಿಸಿ ಮುಚ್ಚಬೇಡಿ. ಮುಂದಿನ ಸಲ ನನಗೆ ಫೋನ್ ಮಾಡಲೇಬೇಡಿ. ಮಾಡಿದರೆ ನಾನು ಒಪ್ಪಿಕೊಂಡುಬಿಡುತ್ತೇನೆ.

ಇಂತಿ,
ನಾಚಿಕೆಯಾದರೂ ಆಸೆ ಬಿಡದ
ಆರ್ಲೀನ್ ಹಾಲ್ವರ್‌ಸನ್
ಎಂಟನೇ ಪುಟ