ಗಡಿಕಲ್ಲಿನ ಕೆಳಗೇನಿದೆ ಎಂದು ಕೇಳಿದವರಿಗೆ

ಪದ ಸಂಗ್ರಹಿಸುವ ಶ್ರೀ ಆಲ್ಬ್ರೆಕ್ಟ್ ಲೋರ್ ಅವರಿಗೆ,

ಮೊನ್ನೆ ನನ್ನ ಅಡುಗೆಮನೆಯಲ್ಲಿ ಕುಳಿತು, ಫ್ರಾಂಕೋನಿಯಾದ ನಮ್ಮ ಹಳ್ಳಿಗಳಲ್ಲಿ ಕಲ್ಲಿಗೆ ಏನನ್ನುತ್ತೀರಿ ಎಂದು ಕೇಳಿದಿರಿ. ‘ಷ್ಟಾ’ ಎಂದೆ. ಪಟ್ಟಣದವರು ಷ್ಟೈನ್, ಡಚ್ಚರೂ ಸ್ವೀಡನ್ನಿನವರೂ ಸ್ಟೇನ್, ಇಂಗ್ಲಿಷರು ಸ್ಟೋನ್ ಅನ್ನುತ್ತಾರೆ. ಇವೆಲ್ಲ ‘ಸ್ಟೈನಜ್’ ಎಂಬ ಒಬ್ಬಳೇ ಮುದುಕಿಯ ಮಕ್ಕಳು ಎಂದಿರಿ. ಆ ಮಾತು ನನಗೆ ಹಿಡಿಸಿತು.

ಆಮೇಲೆ ನನ್ನ ಹೊಲದ ಗಡಿಕಲ್ಲು ನೋಡಬೇಕೆಂದಿರಿ.

“ಅಜ್ಜೀ, ಇದರ ಕೆಳಗೇನಿದೆ?”

“ಯಾಕಪ್ಪಾ, ನಿನ್ನ ಪದ ಅಲ್ಲಿ ಅಡಗಿ ಕೂತಿದ್ಯಾ?”

ನಕ್ಕುಬಿಟ್ಟಿರಿ. ಅಷ್ಟರಲ್ಲಿ ಪಕ್ಕದ ಹೊಲದ ಫೈಟ್ ಎಂಬವನ ನಾಯಿ ಓಡಿಬಂತು. “ಬಾರೋ ವಾಲ್ಡಿ” ಎಂದಿರಿ. ಅದರ ಹೆಸರನ್ನು ನಾನು ನಿಮಗೆ ಹೇಳಿರಲಿಲ್ಲ. ಗಡಿಕಲ್ಲು ಸರಿದಿದೆ, ನನ್ನ ಕೆಳಹೊಲ ತನ್ನದು ಎಂದು ಊರೆಲ್ಲ ಹೇಳಿಕೊಂಡು ತಿರುಗುವವನು ಇದೇ ಫೈಟ್.

ನಮ್ಮಲ್ಲಿ ಆಣೆಯಿಟ್ಟ ಏಳು ಜನ ಗಡಿಕಲ್ಲಿನ ಕೆಳಗೆ ಗುಟ್ಟಾಗಿ ಒಂದು ಗುರುತು ಹೂಳುತ್ತಾರೆ. ಕಲ್ಲು ಸರಿದರೂ ಗುರುತು ಸುಳ್ಳು ಹೇಳುವುದಿಲ್ಲ. ಆದರೆ ಅದು ಎಂಥದ್ದೆಂದು ತಿಳಿದವನು ಅಂಥದ್ದೇ ಇನ್ನೊಂದನ್ನು ತನಗೆ ಬೇಕಾದ ಕಡೆ ಹೂಳಬಹುದು. ಆ ಏಳು ಜನರಲ್ಲಿ ಒಬ್ಬರಾಗಿದ್ದ ನನ್ನ ಗಂಡ ಸಾಯುವಾಗಲೂ ಅದನ್ನು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ನೀವು ಕೇಳಿದಿರಿ.

ಸೋಮವಾರ ಬೆಳಿಗ್ಗೆ ಈಗಿನ ಏಳು ಜನ ಕಲ್ಲಿನ ಬುಡ ಅಗೆಯುತ್ತಾರೆ. ಉಳಿದವರು ಬೆನ್ನು ತಿರುಗಿಸಿ ನಿಲ್ಲುವುದು ಪದ್ಧತಿ. ದಯವಿಟ್ಟು ನೀವೂ ಬನ್ನಿ. ಫೈಟ್‌ಗೂ ಹೇಳಿಕಳಿಸಿದ್ದೇನೆ. ನಿಮ್ಮಿಬ್ಬರ ನಡುವೆ ನಾನು ನಿಲ್ಲುತ್ತೇನೆ. ಯಾರ ಕತ್ತು ಮೊದಲು ಹಿಂದಕ್ಕೆ ತಿರುಗುತ್ತದೋ ನೋಡೋಣ.

ಕುನಿಗುಂಡೆ ಡೋಟ್ಸ್‌ಲರ್,
ಕೆಳಹೊಲದ ಒಡತಿ